ಗೂಡು ಕೀಳಬೇಡಿ, ತಾರೀಖು ಬದಲಿಸಿ

ಮನೆ ರಿಪೇರಿಗೆ ಕೈ ಹಾಕುವವರಿಗೆ ಒಂದು ಮಾತು. ಮೇಸ್ತ್ರಿಗೆ ಅಡ್ವಾನ್ಸ್ ಕೊಡುವ ಮೊದಲು ಪೋರ್ಟಿಕೊ, ಸಜ್ಜಾ, ಮೆಟ್ಟಿಲ ಕೆಳಗೆ ಒಮ್ಮೆ ತಲೆ ಎತ್ತಿ ನೋಡಿ. ಅಂಬರಗುಬ್ಬಿ (ಸ್ವಾಲೋ) ಹಕ್ಕಿಯ ಮಣ್ಣಿನ ಗೂಡು ಕಂಡರೆ, ಕೆಲಸದ ತಾರೀಖು ಪೂರ್ತಿ ನಿಮ್ಮ ಕೈಯಲ್ಲಿಲ್ಲ ಅಂತಲೇ ಲೆಕ್ಕ.

ನಮ್ಮ ಮಂಡ್ಯ ಕಡೆ ಅಂಬರಗುಬ್ಬಿಗೆ ಬರವಿಲ್ಲ. ನಾಲೆ, ಗದ್ದೆ ಇದ್ದ ಕಡೆ ಹುಳವೂ ಜಾಸ್ತಿ, ಕೆಸರೂ ಜಾಸ್ತಿ. ಚಳಿಗಾಲದಲ್ಲಿ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುವವು ಬಹುಪಾಲು ಉತ್ತರದಿಂದ ಬಂದ ನೆಂಟರು, ಇಲ್ಲಿ ಗೂಡು ಕಟ್ಟುವುದಿಲ್ಲ. ನಮ್ಮ ಪೋರ್ಟಿಕೊಗೆ ಬಂದದ್ದು ಬೇರೆ, ಇಲ್ಲೇ ಗೂಡು ಕಟ್ಟುವ ಜಾತಿ. ಬೆನ್ನು ಕಪ್ಪು ನೀಲಿ, ಸೊಂಟದ ಮೇಲೆ ಇಟ್ಟಿಗೆ ಬಣ್ಣ, ಬಾಲ ಕವಲು. ಗೂಡಿನ ಹೊಟ್ಟೆ ದುಂಡಗೆ, ಬಾಗಿಲಿಗೆ ಉದ್ದ ಕೊಳವೆ, ಎಲ್ಲಾ ಸೀಲಿಂಗಿಗೆ ಅಂಟಿಕೊಂಡೇ ಇರುತ್ತದೆ. ಹತ್ತಿರದಿಂದ ನೋಡಿದರೆ ಒಂದೊಂದು ಕೆಸರುಂಡೆಯೂ ಬೇರೆ ಬೇರೆ ಕಾಣುತ್ತದೆ. ಗದ್ದೆಯಿಂದ ತಂದದ್ದು ಕಪ್ಪು, ರಸ್ತೆ ಬದಿಯಿಂದ ತಂದದ್ದು ಕೆಂಪು. ಕೊಕ್ಕಿನಲ್ಲಿ ಹಿಡಿಯುವಷ್ಟೇ ಮಣ್ಣು, ನೂರಾರು ಸಲ.

ಮೇಸ್ತ್ರಿ ನೋಡಿದ. "ಸಾರ್, ಕೋಲ್ ತಗೊಂಡು ತಟ್ಟುದ್ರೆ ಉದುರೋಯ್ತದೆ ಬುಡಿ" ಅಂದ. ಒಳಗಿನಿಂದ ಬಂದ ನಮ್ಮ ಅಮ್ಮ, "ಬಾಣಂತಿ ಮಲಗಿರೋ ಮನೇಲಿ ಗೋಡೆ ಒಡೀತಾರೇನಪ್ಪಾ?" ಅಂತ ಕೇಳಿದರು. ಅವನು ಮಾತಾಡದೆ ಸಾರವೆ ಮರಗಳನ್ನು ಹಿಂದಿನ ಗೋಡೆ ಕಡೆಗೆ ಸಾಗಿಸಿದ.

ಕಾನೂನೂ ಅಮ್ಮನ ಕಡೆಗೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಸಾಕಿದ್ದಲ್ಲದ ಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆಣಕುವುದೂ ಅದರಲ್ಲೇ ಬರುತ್ತದೆ.

"ಗೂಡನ್ನೇ ಮೆಲ್ಲಗೆ ಎತ್ತಿ ಬೇರೆ ಕಡೆ ಇಟ್ಟರಾಯ್ತಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಒಣ ಮಣ್ಣು ಕೈಯಲ್ಲೇ ಪುಡಿಯಾಗುತ್ತದೆ. ಉಳಿದರೂ ತಂದೆತಾಯಿ ಹಳೇ ಜಾಗಕ್ಕೇ ಬಂದು ಸುತ್ತುತ್ತವೆ, ಮರಿ ಹಸಿದು ಸಾಯುತ್ತವೆ. ಹಕ್ಕಿಯನ್ನು ಒಕ್ಕಲೆಬ್ಬಿಸುವುದಾದರೆ ಮೊಟ್ಟೆ ಇಡುವ ಮೊದಲು, ಇಲ್ಲವೇ ಮರಿ ಹಾರಿಹೋದ ಮೇಲೆ. ಮೊಟ್ಟೆಗೆ ಸುಮಾರು ಎರಡು ವಾರ, ಮರಿಗೆ ಮೂರು ವಾರಕ್ಕಿಂತ ಸ್ವಲ್ಪ ಜಾಸ್ತಿ. ಹಾರಿದ ಮೇಲೂ ಕೆಲವು ದಿನ ರಾತ್ರಿ ಮಲಗಲು ಅಲ್ಲಿಗೇ ಬರುತ್ತವೆ. ಈ ಕೊಳವೆ ಗೂಡಿನೊಳಗೆ ಇಣುಕಲು ಆಗುವುದಿಲ್ಲ. ದೂರ ಕೂತು ನೋಡಬೇಕು. ಒಂದು ಹಕ್ಕಿ ತುಂಬಾ ಹೊತ್ತು ಒಳಗೇ ಇದ್ದರೆ ಕಾವು ಕೂತಿದೆ. ಎರಡೂ ಹುಳ ಹಿಡಿದು ಒಳಗೆ ಹೊರಗೆ ಓಡಾಡುತ್ತಿದ್ದರೆ ಮರಿ ಇವೆ. ಸಂಜೆ ಕತ್ತಲಾಗುವ ಹೊತ್ತಿಗೂ ಯಾರೂ ಬರಲಿಲ್ಲವೋ, ಆಗ ಜಾಗ ಮುಚ್ಚಿ. ತಡ ಮಾಡಿದರೆ ಅದೇ ಗೂಡಿನಲ್ಲಿ ಎರಡನೇ ಸಲ ಮೊಟ್ಟೆ ಇಟ್ಟುಬಿಡುತ್ತವೆ.

ಮುಚ್ಚಲು ದಪ್ಪ ಬಟ್ಟೆ, ಪ್ಲಾಸ್ಟಿಕ್ ಶೀಟ್, ರಟ್ಟು ಏನಾದರೂ ಸರಿ, ಸಂದು ಮಾತ್ರ ಇರಬಾರದು. ಸಡಿಲ ಬಲೆ ಬೇಡವೇ ಬೇಡ, ಕಾಲು ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಡಿ ನೇತುಹಾಕುವುದು, ಗೂಬೆ ಬೊಂಬೆ ಇಡುವುದು ಸುಮ್ನೆ ನಮ್ಮ ಸಮಾಧಾನಕ್ಕೆ. ಜೊತೆಗೆ ಕೆಲಸ ನಡೆಯದ ಬದಿಯಲ್ಲಿ, ಮಳೆ ತಾಗದ, ಬೆಕ್ಕು ಹತ್ತದ ಎತ್ತರದಲ್ಲಿ, ಅವು ಗೂಡು ಕಟ್ಟಿಕೊಳ್ಳಲಿ ಅಂತ ಸೀಲಿಂಗಿಗೆ ಒಂದು ಒರಟು ಹಲಗೆ ಹೊಡೆಯಿರಿ. ಹತ್ತಿರದಲ್ಲಿ ಒಂದಿಷ್ಟು ಮಣ್ಣು ಹಸಿಯಾಗಿಡಿ. ಅದು ಸಿಮೆಂಟ್ ನೀರು ಸೇರದ ಮಣ್ಣಾಗಿರಲಿ. ಬಂದರೆ ಬಂದವು, ಗ್ಯಾರಂಟಿ ಏನಿಲ್ಲ.

ಕೂಲಿ ರೇಟು ಏರುತ್ತದೆ, ಕಂಟ್ರ್ಯಾಕ್ಟರ್ ಬೇರೆ ಸೈಟಿಗೆ ಹೋಗುತ್ತಾನೆ, ನಿಜ. ಆದರೆ ಆಷಾಢ ಬಂದರೆ ಗೃಹಪ್ರವೇಶಕ್ಕೆ ಇಡೀ ತಿಂಗಳು ಕಾಯುವವರು ನಾವೇ ತಾನೆ? ಆಗ ಯಾರೂ ನಷ್ಟದ ಲೆಕ್ಕ ಹಾಕುವುದಿಲ್ಲ. ಬೇಸಿಗೆಯಿಂದ ಮಳೆಗಾಲದವರೆಗೆ ಈ ಹಕ್ಕಿಗಳು ಗೂಡು ಕಟ್ಟುವುದರಿಂದ ಆಷಾಢವೂ ಅದರೊಳಗೇ ಬೀಳುತ್ತದೆ. ಪೋರ್ಟಿಕೊ ಕೆಲಸ ಕೊನೆಗೆ ಇಟ್ಟುಕೊಂಡು ಅಡುಗೆಮನೆ, ಬಾತ್‌ರೂಮು ಮುಗಿಸಿಕೊಳ್ಳಿ. ನಾವು ಹಾಗೇ ಮಾಡಿದೆವು, ಮೇಸ್ತ್ರಿಗೂ ಕೆಲಸ ನಿಲ್ಲಲಿಲ್ಲ.

ನನಗೆ ಹೆಚ್ಚು ಬೇಜಾರು ಇರುವುದು ಹೊಸ ಎಲಿವೇಶನ್‌ಗಳ ಮೇಲೆ. ಸುಣ್ಣ ಬಳಿದ ಒರಟು ಗೋಡೆಗೆ ಕೆಸರು ಕಚ್ಚಿಕೊಳ್ಳುತ್ತಿತ್ತು. ಈಗ ಪುಟ್ಟಿ ಉಜ್ಜಿ, ನುಣುಪಾದ ಪೇಂಟ್ ಹೊಡೆದು, ಅದರ ಮೇಲೆ ಗಾಜು, ಶೀಟು. ಕಟ್ಟಿದ ಗೂಡು ಅರ್ಧಕ್ಕೇ ಕಳಚಿ ಬೀಳುತ್ತದೆ. ಅಲ್ಲಿ ಯಾರೂ ಕೋಲು ಹಿಡಿಯಬೇಕಾಗಿಲ್ಲ.

ಹಿಕ್ಕೆ ಕಾಟ ಇಲ್ಲ ಅಂತ ನಾನೇನೂ ಹೇಳುವುದಿಲ್ಲ. ಸ್ಕೂಟರ್ ಸೀಟು ದಿನಾ ಒರೆಸಿದ್ದೇವೆ. ಆಮೇಲೆ ಗೂಡಿನ ಕೆಳಗೆ ನೆಲಕ್ಕೆ ಹಳೇ ಫ್ಲೆಕ್ಸ್ ಹಾಸಿದೆವು. ಯಾರದೋ ಹುಟ್ಟುಹಬ್ಬದ ಶುಭಾಶಯ, ಕೈ ಮುಗಿದ ನಗುಮುಖ. ಮಂಡ್ಯದಲ್ಲಿ ಫ್ಲೆಕ್ಸಿಗೇನು ಕೊರತೆ!

ಮರಿ ಹಾರಿದವು, ಪೋರ್ಟಿಕೊ ಮುಚ್ಚಿದೆವು, ಹಲಗೆಯನ್ನೂ ಹೊಡೆದೆವು. ಆ ಜೋಡಿ ಹಲಗೆಯನ್ನು ಮೂಸಿಯೂ ನೋಡದೆ ನೇರ ಎದುರು ಮನೆಯ ಸಜ್ಜಾ ಸೇರಿಕೊಂಡಿತು. ಆ ಮನೆ ಅಂಕಲ್ ಗೇಟ್ ಹತ್ತಿರ ಬಂದು, "ನಿಮ್ಮನೆ ಹಕ್ಕಿ ನಮ್ ಕಾರ್ ಮೇಲೆ ಗಲೀಜು ಮಾಡ್ತಾವಲ್ರೀ" ಅಂದರು. ಉಳಿದಿದ್ದ ಫ್ಲೆಕ್ಸ್ ಮಡಚಿ ಅವರ ಕೈಗೆ ಕೊಟ್ಟಿದ್ದೇನೆ.