ಫೋಟೊ ಅಂಟಿಸೋಕೆ ನಾವ್ಯಾರು?

‘ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದ ಮಕ್ಕಳ ಫೋಟೊ ಬಾಗಿಲಿಗೆ ಅಂಟಿಸಿ, ಉಳಿದವರಿಗೆ ಭಯ ಬರುತ್ತದೆ’ ಅಂತ ಬರೆದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಕೇಸಿಗೆ ಸಿಕ್ಕ 18 ತುಂಬದವರ ಹೆಸರು, ಫೋಟೊ ಪೇಪರಿನವರೇ ಹಾಕುವಂತಿಲ್ಲ, 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನೋಡಿ. ಇಂಥ ಸಣ್ಣ ಕಳ್ಳತನಕ್ಕೆ ಪೊಲೀಸರೂ ಮಕ್ಕಳ ಮೇಲೆ ಎಫ್‌ಐಆರ್ ಹಾಕದೆ ಡೈರಿಯಲ್ಲಿ ಬರೆದುಕೊಳ್ಳಬೇಕು ಅಂತ ನಿಯಮವಿದೆ. ಇನ್ನು ನಮ್ಮದೇನು?

ನಾನು ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಆರು ವರ್ಷದಿಂದ ಸೆಕ್ಯುರಿಟಿ. ಹೋದ ಜೂನ್‌ನಲ್ಲಿ ಯೂನಿಫಾರ್ಮ್ ಹಾಕಿದ್ದ ಹುಡುಗ ಜಾಮಿಟ್ರಿ ಬಾಕ್ಸ್ ಅಂಗಿಯೊಳಗೆ ಇಟ್ಟುಕೊಂಡು ಹೊರಟಿದ್ದ. ಬಿಲ್ಲಿಂಗ್ ಕ್ಯೂ ಮುಂದೆ ಹಿಡಿಯಲಿಲ್ಲ, ಗೋಡೌನ್ ಪಕ್ಕ ಕರೆದು ನೀರು ಕೊಟ್ಟು ಕೂರಿಸಿದೆ, ಐದು ನಿಮಿಷ ಬರೀ ನಡುಗುತ್ತಿದ್ದ. ಅಮ್ಮ ಬಂದು ದುಡ್ಡು ಕಟ್ಟಿದರು, ಅಲ್ಲೇ ಹೊಡೆಯೋಕೂ ಹೋದರು, ತಡೆದೆ. ಈಗಲೂ ಇಬ್ಬರೂ ನಮ್ಮಲ್ಲೇ ಸಾಮಾನು ತಗೊಳ್ಳುತ್ತಾರೆ. ಫೋಟೊ ಅಂಟಿಸಿದ್ದರೆ ಆ ಹುಡುಗ ಮತ್ತೆ ಸ್ಕೂಲಿಗೆ ಹೋಗುತ್ತಿದ್ದನಾ? ಅಂದಹಾಗೆ ಸ್ಟಾಕ್ ಕಮ್ಮಿ ಬಂದರೆ ನಮ್ಮ ಸಂಬಳದಲ್ಲಿ ಹಿಡಿಯುತ್ತಾರೆ, ಹಾಗಾಗಿ ಇದು ಸುಮ್ನೆ ಪುಕ್ಕಟೆ ಕರುಣೆಯಲ್ಲ ಸಾರ್.