ಪಟ್ಟಿಯಲ್ಲಿ ಜಾತಿಯ ಕಾಲಂ ಏಕೆ ಬೇಕು?

ಅಮೆರಿಕದ ಕಾಲೇಜಿನಲ್ಲಿ ಸೆಮಿಸ್ಟರ್ ಶುರುವಾಗುತ್ತಲೇ ಮೇಷ್ಟರಿಗೆ ಒಂದು ಇಮೇಲ್ ಬರುತ್ತದೆ. ಈ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಒಂದೂವರೆ ಪಟ್ಟು ಸಮಯ, ಪ್ರತ್ಯೇಕ ಕೊಠಡಿ, ಪಾಠಕ್ಕೆ ಮೊದಲೇ ಸ್ಲೈಡುಗಳ ಪ್ರತಿ ಕೊಡಿ ಎಂದಷ್ಟೇ ಅದರಲ್ಲಿರುತ್ತದೆ. ಯಾವ ಕಾಯಿಲೆ, ಯಾವ ನ್ಯೂನತೆ ಎಂಬುದರ ಸುಳಿವೇ ಇಲ್ಲ. ಅದನ್ನು ಓದಿದಾಗ ಮನಸ್ಸಿಗೆ ಚುಚ್ಚಿದ್ದು ನಮ್ಮ ಕಡೆ ಅಟೆಂಡರ್ ತುಂಬಿದ ಕ್ಲಾಸಿನಲ್ಲಿ ಓದುವ ನೋಟಿಸು: "ಎಸ್‌ಸಿ, ಎಸ್‌ಟಿ ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ."

ಇಲ್ಲಿ ಅಮೆರಿಕದಲ್ಲಿ ವೈದ್ಯಕೀಯ ದಾಖಲೆ ವಿಕಲಚೇತನರ ಸೇವಾ ಕಚೇರಿಯಲ್ಲೇ ಉಳಿಯುತ್ತದೆ. ಮೇಷ್ಟರು ವ್ಯವಸ್ಥೆ ಮಾಡಬೇಕು, ವಿಚಾರಣೆ ಮಾಡುವಂತಿಲ್ಲ. 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ನೂ 1990ರ ವಿಕಲಚೇತನರ ಕಾಯ್ದೆಯೂ ಇದರ ಬೆನ್ನಿಗಿವೆ. ಎಡವುವುದು ಸಣ್ಣ ಕಡೆಗಳಲ್ಲಿ. 20 ನಿಮಿಷದ ಆನ್‌ಲೈನ್ ಕ್ವಿಜ್‌ನಲ್ಲಿ ಆ ವಿದ್ಯಾರ್ಥಿಯ ಹೆಸರಿನೆದುರು 30 ಎಂದು ಬದಲಿಸಲು ಮರೆತರೆ ಅರ್ಧದಲ್ಲೇ ಮುಚ್ಚಿಹೋಗುತ್ತದೆ. ಹೆಚ್ಚು ಸಮಯ ಪಡೆದವರಿಗೆಲ್ಲ ವಿಳಾಸ ಮರೆಮಾಡದೆ ಒಂದೇ ಇಮೇಲ್ ಹಾಕಿದರೆ ಕಾಪಾಡಿಕೊಂಡ ಗುಟ್ಟೆಲ್ಲ ರಟ್ಟು.

ನಮ್ಮಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರನ್ನು ವಿದ್ಯಾರ್ಥಿಯೇ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ಗೆ ತುಂಬುತ್ತಾನೆ, ಮೊಬೈಲ್ ನಂಬರನ್ನೂ ಕೊಡುತ್ತಾನೆ. ಆದರೂ ಆಧಾರ್ ಜೋಡಣೆಯಾಗದ ಖಾತೆಗಳ ಪಟ್ಟಿ 'ಕೆಟಗರಿ' ಕಾಲಂ ಸಮೇತ ಕ್ಲಾಸಿನ ವಾಟ್ಸ್ಯಾಪ್ ಗುಂಪಿಗೆ ಬಂದು ಬೀಳುತ್ತದೆ. ಯಾರಿಗೂ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಗುಮಾಸ್ತರಿಗೆ ಇಡೀ ಎಕ್ಸೆಲ್ ಹಾಳೆ ಕಳಿಸಿಬಿಡುವುದು ಸುಲಭ, ಅಷ್ಟೇ. ಅನುಭವಿಸುವವರು ಮಾತ್ರ ಮಕ್ಕಳು. ಕಾಲಂ ಅಳಿಸಿದರೆ ಸಾಲದು, ಹೆಸರೂ ಹೋಗಬೇಕು. ಬೋರ್ಡಿನಲ್ಲಿ ಅರ್ಜಿ ಸಂಖ್ಯೆ ಸಾಕು. ಯಾವ ದಾಖಲೆ ಬಾಕಿ ಎಂಬುದನ್ನು ಆಯಾ ವಿದ್ಯಾರ್ಥಿಗೇ ಮೆಸೇಜು ಮಾಡಿ. ಎಲ್ಲ ಸ್ಕಾಲರ್‌ಶಿಪ್‌ಗಳಿಗೂ ಒಂದೇ ಕೌಂಟರ್ ಇಡಿ, ದಿನಗಳನ್ನು ಅರ್ಜಿ ಸಂಖ್ಯೆಯ ಮೇಲೆ ಹಂಚಿ. ವರ್ಗಕ್ಕೊಂದು ದಿನ ಇಟ್ಟರೆ ನಿಂತ ಸಾಲೇ ಜಾತಿ ಹೇಳುತ್ತದೆ. ಸಮಾನ ಅವಕಾಶ ಘಟಕ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ಆ ಘಟಕ ವರ್ಷಕ್ಕೊಂದು ಭಾಷಣ ಏರ್ಪಡಿಸುವ ಬದಲು ಕಚೇರಿಯ ಈ ಪಟ್ಟಿಗಳನ್ನು ತಿದ್ದಲಿ. ಇದಕ್ಕೆ ಅನುದಾನವೂ ಬೇಡ, ಹೊಸ ಕಟ್ಟಡವೂ ಬೇಡ.

ಇಲ್ಲಿಯದೆಲ್ಲ ಚೆನ್ನ ಎನ್ನಲಾರೆ. ಕಲಿಕಾ ನ್ಯೂನತೆ ಇದೆಯೆಂದು ತೋರಿಸುವ ತಜ್ಞರ ವರದಿಗೆ ಎಷ್ಟೋ ಸಲ ಮನೆಯವರೇ ದುಡ್ಡು ಸುರಿಯಬೇಕು. ಅದು ಕೈಲಾಗದವರಿಗೆ ಆ ಇಮೇಲ್ ಬರುವುದೇ ಇಲ್ಲ. ಪ್ರವೇಶದಲ್ಲಿ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳುವ ಪದ್ಧತಿಗೆ 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತಡೆ ಹಾಕಿತು. ನಮ್ಮ ಸಂವಿಧಾನಕ್ಕೆ, ಹಿಂದುಳಿದವರಿಗೂ ಎಸ್‌ಸಿ, ಎಸ್‌ಟಿಯವರಿಗೂ ವಿಶೇಷ ಅವಕಾಶ ಕಲ್ಪಿಸಲು ಅನುವು ಮಾಡುವ 15(4)ನೇ ವಿಧಿ 1951ರಲ್ಲೇ ಸೇರಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇ. 5 ಸೀಟು ಕೊಟ್ಟಿತು. ಅಷ್ಟು ಗಟ್ಟಿ ಭರವಸೆ ಇಲ್ಲಿಲ್ಲ. ಜಾತಿಯಂತೂ ನಮ್ಮ ಜೊತೆಗೇ ವಿಮಾನ ಹತ್ತಿ ಬಂದಿದೆ: ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತನ್ನ ತಾರತಮ್ಯ ವಿರೋಧಿ ನೀತಿಗೆ ಅದನ್ನೂ ಸೇರಿಸಬೇಕಾಯಿತು.