ಬೆಟ್ಟಕ್ಕೆ ಬದಲಿ ಸಿಗುತ್ತದೆ, ವಿಚಾರಿಸಿ

ಬಳ್ಳಾರಿ ಜಿಲ್ಲೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕಬ್ಬಿಣದ ಅದಿರಿನ ಗಣಿಗಾಗಿ ಕಡಿಯಲು ಹೊರಟ 99 ಸಾವಿರ ಮರಗಳ ಸುದ್ದಿ ಮತ್ತೆ ಪೇಪರಿಗೆ ಬಂದಿದೆ. 'ಕಡಿದರೇನು, ಬೇರೆ ಕಡೆ ಸಸಿ ನೆಡ್ತಾರಲ್ಲ' ಎಂದು ನಮ್ಮ ಓಣಿಯ ತಿಳಿದವರೊಬ್ಬರು ಸಮಾಧಾನ ಹೇಳಿದರು. ಬಹಳ ಒಳ್ಳೆ ಏರ್ಪಾಡು. ಇದನ್ನು ಮನೆಗೂ ತರಬೇಕು. ಯಾರಾದರೂ ನಿಮ್ಮಜ್ಜನನ್ನು ಎತ್ತಿಕೊಂಡು ಹೋದರೆ ಅಳಬೇಡಿ. ಬದಲಿಗೆ ಪಕ್ಕದ ತಾಲ್ಲೂಕಿನಲ್ಲಿ ಹತ್ತು ಕೂಸು ಕೊಡುತ್ತಾರೆ. ಅವಕ್ಕೆ ಹಾಲು ಕುಡಿಸಲು ಬೇರೆ ಟೆಂಡರ್.

'ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ' ಎಂದು ಗಾಂಧೀಜಿ ಹೇಳಿದ್ದರಂತೆ. ಮನೆಗೆ ಬಂದ ಬೀಗರಿಗೆಲ್ಲ ನಾವು ಇದನ್ನೇ ಒಪ್ಪಿಸುತ್ತೇವೆ. ನಾನೂ ಸೆಪ್ಟೆಂಬರಿನಲ್ಲೇ ಹೋಗಿದ್ದೆ. ಸುಳ್ಳು ಹೇಳಬಾರದು, ಬೆಟ್ಟ ಹಸಿರಾಗೇ ಇತ್ತು. ನಾರಿಹಳ್ಳದ ಡ್ಯಾಮಿನ ಮೇಲೆ ಮೋಡ ಕೂತಿತ್ತು. ಆದರೆ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು, ಅದಿರು ಲಾರಿ ಕೊಟ್ಟಿರಲಿಲ್ಲ. ರಸ್ತೆ ಬದಿಯ ಹೊಂಗೆ ಎಲೆಯೊಂದನ್ನು ಬೆರಳಿನಿಂದ ಒರೆಸಿದೆ. ಕೆಂಪು ಹೋಗಿ ಹಸಿರು ಬಂತು. ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಟ್ಟೆ ನೋಡಿ 'ಚಟ್ನಿಪುಡಿ ಬ್ಯಾಡ ಅಂದಿದ್ನೆಲ್ರೀ' ಅಂದೆ.

'ನಾವು ಹಾಕಿಲ್ರೀ ಸರ, ತಾನೇ ಬಿದ್ದೈತಿ.'

ದರೋಜಿ ಕರಡಿಗಳ ಯೋಗವೇ ಬೇರೆ. 1994ರಿಂದ ಅವಕ್ಕೊಂದು ಧಾಮವಿದೆ. ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಸಂಜೆ ಹೊತ್ತಿಗೆ ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಗುಡ್ಡ ಇಳಿಯುತ್ತದೆ, ನಿಧಾನಕ್ಕೆ ನೆಕ್ಕುತ್ತದೆ. ಹೆಬ್ಬೆಟ್ಟು ಒತ್ತು ಅನ್ನುವವರಿಲ್ಲ. ಸರ್ವರ್ ಡೌನ್ ಇಲ್ಲ. ಇಡೀ ಜಿಲ್ಲೆಯಲ್ಲಿ ಸರಿಯಾದ ಟೈಮಿಗೆ ರೇಷನ್ ಪಡೆಯುವವರು ಇವರೊಬ್ಬರೇ ಇರಬೇಕು! ಸಂಡೂರು ಕಾಡಿನ ಕರಡಿ, ಚಿರತೆಗಳಿಗೂ ಒಂದು ವರ್ಗಾವಣೆ ಆದೇಶ ಕೊಟ್ಟುಬಿಡಲಿ, ಟಿಎ ಡಿಎ ಸಮೇತ.

ಕೆರೆಯ ಚಿಂತೆಯೂ ಬೇಡ. ಗಣಿಯವರು ಅದನ್ನೂ ಮಾಡಿಕೊಡುತ್ತಾರೆ. ಕುದುರೆಮುಖದಲ್ಲಿ ಲಕ್ಯಾ ಹೊಳೆಗೆ ಡ್ಯಾಮ್ ಕಟ್ಟಿ ಅದಿರಿನ ಹೂಳು ತುಂಬಿಸಿಲ್ವಾ? ದೂರದಿಂದ ಫೋಟೋಗೆ ಚಂದ. ಅಲ್ಲಿ 2005ರ ಕೊನೆಗೆ ಗಣಿ ನಿಂತಿತು, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ.

ನಮ್ಮಲ್ಲೂ 2011ರಲ್ಲಿ ಅದೇ ಕೋರ್ಟ್ ಗಣಿ ನಿಲ್ಲಿಸಿತ್ತು. ಮುಗಿಯಿತು ಅಂದುಕೊಂಡಿದ್ದೆವು. ಈಗ ನಮ್ಮಕ್ಕನ ಮಗಳು ಗುಡ್ಡದ ಚಿತ್ರ ಬರೆದರೆ ಮೆಟ್ಟಿಲು ಮೆಟ್ಟಿಲು ಬರೆಯುತ್ತಾಳೆ, ಅಗೆದ ಗುಡ್ಡ ಇರುವ ಹಾಗೆ. ಸ್ಟೇಡಿಯಂ ಏನವ್ವಾ ಅಂತ ಕೇಳಿದ್ದಕ್ಕೆ ಸಿಟ್ಟಾದಳು.

ತಮಾಷೆ ಸಾಕು, ನನಗೂ ಬೇಜಾರಾಗಿದೆ. ಸಸಿ ಎಲ್ಲಿ ಬೇಕಾದರೂ ನೆಡಿ ಸ್ವಾಮಿ, ಬೇಡ ಅಂದವರು ಯಾರು? ಇದ್ದದ್ದನ್ನು ಮುಟ್ಟಬೇಡಿ, ಅಷ್ಟೇ ಕೇಳಿದ್ದು.